ಕುಲಾವಿಗೆ ಮುಂಚೆ ಡಬ್ಬ

ಮಾರ್ಚ್ ೩, ಸೋಮವಾರ

ಡೈರಿ ಬರೆಯುವ ಅಭ್ಯಾಸ ನನಗಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾರು ವರ್ಷದಿಂದ ಬರೆದದ್ದೆಲ್ಲ ಒಂದೇ ಧಾಟಿ: ಹಾಸು ಇಷ್ಟು, ಹೊದಿಕೆ ಇಷ್ಟು, ಹರಿದದ್ದು ಇಷ್ಟು. ಆದರೆ ಇನ್ನು ಎಂಟು ವಾರಕ್ಕೆ ಮಗು ಹುಟ್ಟುತ್ತದೆ. ದೊಡ್ಡದಾದ ಮೇಲೆ, ನಾನು ಬರುವ ಮುಂಚೆ ಏನೇನು ಮಾಡಿದಿರಿ ಎಂದು ಕೇಳಿದರೆ ತೋರಿಸಲು ಏನಾದರೂ ಇರಲಿ ಎಂದು ಈ ನೋಟುಬುಕ್ಕು ತಂದೆ.

ಮಗು ತಂಗಿಯದು. ಅಂದರೆ ಹೆರುವವಳು ತಂಗಿ, ಬೆಳೆಸುವವರು ನಾವು. ಅವಳಿಗೆ ಆಗಲೇ ಇಬ್ಬರು ಗಂಡುಮಕ್ಕಳು. ಮೂರನೆಯದು ಹೇಳದೆ ಕೇಳದೆ ಬಂದದ್ದು. ನನಗೆ ಮದುವೆಯಾಗಿ ಹದಿಮೂರು ವರ್ಷ, ತೋರಿಸದ ಡಾಕ್ಟರಿಲ್ಲ. ಕಳೆದ ನವೆಂಬರಿನಲ್ಲಿ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಅವಳೇ ಹೇಳಿದಳು: "ಅಕ್ಕಾ, ಇನ್ನೊಂದು ಸಾಕೋ ತಾಕತ್ತು ನನಗಿಲ್ಲ. ಇದನ್ನ ನಿನಗೆ ಕೊಡ್ತೀನಿ. ಬೇಡ ಅನ್ನಬೇಡ." ನಾನು ಬೇಡ ಅನ್ನಲಿಲ್ಲ. ಒಲೆಯ ಮೇಲಿದ್ದದ್ದು ಸೀದು ಹೋಯಿತು.

ಹೆರಿಗೆ ನಮ್ಮ ಆಸ್ಪತ್ರೆಯಲ್ಲೇ. ಎರಡು ತಿಂಗಳು ಅವಳು ಹಾಲು ಕುಡಿಸಿ ಆಮೇಲೆ ನಮಗೆ ಒಪ್ಪಿಸುವುದು ಎಂದು ಮಾತಾಗಿದೆ. ಕಾಗದಪತ್ರ ಏನಿದ್ದರೂ ಹುಟ್ಟಿದ ಮೇಲೆ ಎಂದರು ವಕೀಲರು. ಒಡಹುಟ್ಟಿದವರ ನಡುವೆ ಕಾಗದ ಯಾಕೆ ಎಂದು ನಾನು ನಕ್ಕುಬಿಟ್ಟೆ.

ಚಿಕ್ಕ ರೂಮು ಖಾಲಿ ಮಾಡಿದ್ದೇವೆ. ಇವರು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಗೋಡೆಯ ಮೇಲೆ ಜಿರಾಫೆ ಬರೆಯುತ್ತಿದ್ದಾರೆ. ತೊಟ್ಟಿಲು ಅಮ್ಮನ ಮನೆಯದು, ಮೆತ್ತೆ ಹೊಸದು. ಬಾಕಿ ಇರುವುದು ಡೈಪರ್ ಹಾಕುವ ಡಬ್ಬವೊಂದೇ. ಅದನ್ನು ಆರಿಸುವುದು ನನ್ನ ಕೆಲಸ, ಯಾರೂ ಮೂಗು ತೂರಿಸಕೂಡದು ಎಂದು ಎಲ್ಲರಿಗೂ ಹೇಳಿದ್ದೇನೆ. ಬೇರೆ ಹೆಂಗಸರಿಗೆ ತೊಟ್ಟಿಲು, ಜೋಗುಳ ಎಲ್ಲ ಗೊತ್ತಿರಬಹುದು. ಕೊಳೆ ಬಟ್ಟೆ ಮುಚ್ಚಿಡುವ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮಾರ್ಚ್ ೮, ಶನಿವಾರ

ತಂಗಿಯನ್ನೂ ಕರೆದುಕೊಂಡು ಮಕ್ಕಳ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಕನ್ನಡಕ ಹುಡುಕುವ ಪೈಕಿ. ಮೂರು ಡಬ್ಬ ತೋರಿಸಿದರು.

ಮೊದಲನೆಯದು ಪ್ಲಾಸ್ಟಿಕ್ಕಿನದು, ಕಾಲಲ್ಲಿ ಒತ್ತಿದರೆ ಮುಚ್ಚಳ ಏಳುತ್ತದೆ, ಬಿಟ್ಟರೆ ಟಪ್ಪೆಂದು ಬೀಳುತ್ತದೆ. ಆ ಸದ್ದಿಗೆ ಮಗು ಹಾಗಿರಲಿ, ಪಕ್ಕದ ಮನೆಯವರೂ ಎದ್ದು ಕೂರುತ್ತಾರೆ. ಎರಡನೆಯದಕ್ಕೆ ಒಳಗೆ ಉದ್ದನೆಯ ಚೀಲದ ಸುರುಳಿ. ಒಂದೊಂದು ಡೈಪರನ್ನೂ ಹಾಕಿ ತಿರುಗಿಸಿದರೆ ಗಂಟು ಬೀಳುತ್ತದೆ. ಜಾಣತನವೇನೋ ಹೌದು, ಆದರೆ ಅವರದೇ ಚೀಲ ಆಗಬೇಕು, ಬೇರೆಯದು ಕೂರುವುದಿಲ್ಲ. ಮೂರನೆಯದು ತಗಡಿನದು, ಮೊಣಕಾಲೆತ್ತರ, ಬಾಯಿಗೆ ದಪ್ಪ ರಬ್ಬರ್ ಪಟ್ಟಿ, ಮುಚ್ಚಳದ ಕೆಳಗೆ ಇನ್ನೊಂದು ಒಳಮುಚ್ಚಳ. ಸದ್ದಿಲ್ಲದೆ ಕೂರುತ್ತದೆ.

"ಒಂಚೂರೂ ವಾಸನೆ ಬರಲ್ಲಮ್ಮ, ಮೂರಕ್ಕೂ ಗ್ಯಾರಂಟಿ," ಎಂದರು ಅಂಗಡಿಯವರು.

"ಬಾಯಿಮಾತಿನ ಗ್ಯಾರಂಟಿ ಬೇಡ. ಮೂರನ್ನೂ ಎರಡು ದಿನಕ್ಕೆ ಕೊಡಿ. ಈರುಳ್ಳಿ ಹೆಚ್ಚಿ ಹಾಕಿಡ್ತೀನಿ. ಆಮೇಲೆ ಮಾತಾಡೋಣ."

ಅವರು ನನ್ನ ಮುಖವನ್ನೇ ನೋಡಿದರು. ಅರ್ಧ ಗಂಟೆ ವಾದ ಮಾಡಿ ಮಾದರಿಗೆ ಇಟ್ಟಿದ್ದ ಮೂರನ್ನು ಇಸಿದುಕೊಂಡೆ.

ತಂಗಿಗೆ ಇದರಲ್ಲಿ ಇಷ್ಟು ಆಸಕ್ತಿ ಇರುತ್ತದೆ ಎಂದುಕೊಂಡಿರಲಿಲ್ಲ. ಇದು ಮಂಚದ ಪಕ್ಕ ಹಿಡಿಸುತ್ತಾ, ಬಾಗಿಲು ಹಾಕಿದ ರೂಮಲ್ಲಿ ಇಡಬಹುದಾ, ಎಲ್ಲ ಕೇಳಿದಳು. "ಮಕ್ಕಳು ಬಂದು ಮುಚ್ಚಳ ಎಳೆದುಬಿಟ್ರೆ ಏನ್ ಮಾಡೋದು ಅಕ್ಕಾ?"

"ನಮ್ಮನೇಲಿ ಮುಚ್ಚಳ ಎಳೆಯೋಕೆ ಯಾವ ಮಕ್ಕಳಿದಾರೆ? ನಿನ್ನ ಭಾವ ಒಬ್ಬರೇ." ನಾನು ನಕ್ಕೆ. ಅವಳು ನಗಲಿಲ್ಲ. ಏಳು ತಿಂಗಳು ತುಂಬಿದ ಹೊಟ್ಟೆ, ನಿಂತು ನಿಂತು ಸುಸ್ತಾಗಿರಬೇಕು. ರಿಕ್ಷಾ ಹತ್ತಿಸಿ ಕಳಿಸಿದೆ.

ಮಾರ್ಚ್ ೧೩, ಗುರುವಾರ

ಈರುಳ್ಳಿ ಪರೀಕ್ಷೆ ಮುಗಿಯಿತು. ಮೂರು ಡಬ್ಬಗಳನ್ನೂ ಲಾಂಡ್ರಿಯ ಉಗ್ರಾಣದಲ್ಲಿಟ್ಟಿದ್ದೆ. ನಮ್ಮಲ್ಲಿ ದೊಡ್ಡ ಇಸ್ತ್ರಿ ಯಂತ್ರ ನೋಡಿಕೊಳ್ಳುವವಳನ್ನು ಎಲ್ಲರೂ ಇಸ್ತ್ರಿಯಮ್ಮ ಎನ್ನುತ್ತಾರೆ. ಕಣ್ಣು ಮುಚ್ಚಿ ಮೂಸಿ, ಈ ಹೊದಿಕೆ ಯಾವ ವಾರ್ಡಿನದು ಎಂದು ಹೇಳುವ ಮೂಗು ಅವಳದು. ಅವಳನ್ನೇ ನ್ಯಾಯಾಧೀಶಳನ್ನಾಗಿ ಮಾಡಿದೆ.

ಒತ್ತುವ ಡಬ್ಬದ ವಾಸನೆ ಅವಳಿಗೆ ಬಾಗಿಲಲ್ಲೇ ಸಿಕ್ಕಿತು. ಚೀಲದ ಡಬ್ಬ ಹತ್ತಿರ ಹೋದಾಗ ಸಿಕ್ಕಿಬಿತ್ತು. ತಗಡಿನದರ ಮೇಲೆ ಮೂಗಿಟ್ಟುಕೊಂಡು ಕೂತರೂ ಏನೂ ಇಲ್ಲ. "ಇದ್ರಲ್ಲಿ ನೀವು ಈರುಳ್ಳಿ ಹಾಕೋದೇ ಮರ್ತಿದೀರ," ಎಂದು ಮುಚ್ಚಳ ತೆಗೆದಳು. ಆಮೇಲೆ ಹತ್ತು ನಿಮಿಷ ಕಣ್ಣೊರೆಸಿಕೊಂಡಳು.

ಕೂಡಲೇ ತಂಗಿಗೆ ಫೋನು ಮಾಡಿ ರಬ್ಬರ್ ಪಟ್ಟಿಯಿಂದ ಹಿಡಿದು ಒಳಮುಚ್ಚಳದವರೆಗೆ ವಿವರಿಸಿದೆ. "ಇರು ಅಕ್ಕಾ, ಬರ್ಕೋತೀನಿ," ಎಂದಳು.

"ನೀನ್ಯಾಕೆ ಬರ್ಕೋಬೇಕು?"

"ಸುಮ್ನೆ. ಯಾರಾದ್ರೂ ಕೇಳಿದ್ರೆ ಹೇಳೋಕೆ."

ನನ್ನ ಪರೀಕ್ಷೆ ನಾಲ್ಕು ಜನಕ್ಕೆ ಉಪಯೋಗವಾಗುವುದಾದರೆ ಆಗಲಿ. ತಗಡಿನದರಲ್ಲಿ ಹೊಸದು ಬರಲು ಎರಡು ಮೂರು ವಾರ ಬೇಕಾಗಬಹುದಂತೆ. ಅಂಗಡಿಯವರು ನನ್ನ ಹೆಸರು, ಫೋನ್ ನಂಬರು ಬರೆದುಕೊಂಡರು.

ಮಾರ್ಚ್ ೧೬, ಭಾನುವಾರ

ಅಮ್ಮನ ಮನೆಗೆ ಹೋಗಿದ್ದೆವು. ತಂಗಿ ಬರುತ್ತೇನೆಂದವಳು ಬರಲಿಲ್ಲ. ನಾನು ಡಬ್ಬದ ಕಥೆಯನ್ನು ಈರುಳ್ಳಿ ಸಮೇತ ಹೇಳುತ್ತಿದ್ದರೆ ಅಮ್ಮ ನಗುವ ಬದಲು, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬಾರದು ಕಣೇ," ಎಂದರು.

"ಕುಲಾವಿ ಹೊಲಿಸಿಲ್ಲಮ್ಮ. ಡಬ್ಬ ತರ್ತಿದೀನಿ ಅಷ್ಟೇ."

ಅಮ್ಮ ಇವರ ಕಡೆ ನೋಡಿದರು. ಇವರು ಚಪ್ಪಲಿ ಹಾಕಿಕೊಳ್ಳಲು ಎದ್ದರು. ಅತ್ತೆ ಅಳಿಯನ ನಡುವೆ ಏನೋ ಮುನಿಸಿರಬೇಕು, ಕೇಳಿದರೆ ಇಬ್ಬರೂ ಬಾಯಿ ಬಿಡುವುದಿಲ್ಲ. ಮನೆಗೆ ಬಂದು, ಜಿರಾಫೆಗೆ ಕತ್ತು ಬಂದು ವಾರವಾಯಿತು, ತಲೆ ಯಾವಾಗ ಎಂದು ಕೇಳಿದೆ. ಬಣ್ಣ ಒಣಗಬೇಕು ಎಂದರು.

ಮಾರ್ಚ್ ೨೩, ಭಾನುವಾರ

ಇವರು ಬೆಳಿಗ್ಗೆಯೇ ಸ್ನೇಹಿತರೊಬ್ಬರ ಕಾರು ಇಸಿದುಕೊಂಡು ಹೋದರು. ಸಹೋದ್ಯೋಗಿ ಮನೆ ಬದಲಾಯಿಸುತ್ತಿದ್ದಾರಂತೆ, ಸಾಮಾನು ಸಾಗಿಸಬೇಕಂತೆ. ಮಧ್ಯಾಹ್ನ ಬಂದಾಗ ಬೆರಳಿನ ಗೆಣ್ಣು ತರಚಿತ್ತು. ಮುಲಾಮು ಹಚ್ಚುತ್ತಿದ್ದಾಗ ಇದ್ದಕ್ಕಿದ್ದಂತೆ ಕೇಳಿದರು: "ಮಗು ಬರದೆ ಹೋದ್ರೂ ನಾವು ಚೆನ್ನಾಗೇ ಇರ್ತೀವಿ, ಅಲ್ವಾ?"

ಮಗು ಹತ್ತಿರವಾದ ಹಾಗೆ ಗಂಡಸರಿಗೆ ಹೆದರಿಕೆ ಶುರುವಾಗುತ್ತದೆ ಎಂದು ಹೆರಿಗೆ ವಾರ್ಡಿನ ನರ್ಸು ಹೇಳಿದ್ದು ನೆನಪಾಯಿತು. "ನೀವು ಒಳ್ಳೇ ಅಪ್ಪ ಆಗ್ತೀರ, ಸುಮ್ನಿರಿ," ಎಂದೆ. ಅವರ ಕಣ್ಣು ತುಂಬಿತು. ಎಂಥ ಮೃದು ಮನುಷ್ಯ. ಇಂಥವರು ಸಿಕ್ಕಿದ್ದು ನನ್ನ ಪುಣ್ಯ.

ಏಪ್ರಿಲ್ ೨, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಅಂಗಡಿಯವರು ಫೋನು ಮಾಡಿದರು. "ಅಮ್ಮಾ, ನಿಮ್ಮ ಡಬ್ಬದ ಒಳಮುಚ್ಚಳ ಇಲ್ಲೇ ಉಳಿದುಬಿಟ್ಟಿದೆ. ಈ ಕಡೆ ಬಂದಾಗ ತಗೊಂಡು ಹೋಗಿ."

"ಡಬ್ಬಾನೇ ಬಂದಿಲ್ಲ, ಒಳಮುಚ್ಚಳ ಯಾವುದಕ್ಕೆ?"

"ಬಂದಿಲ್ವಾ? ಹೋದ ತಿಂಗಳು ಇಪ್ಪತ್ತಮೂರಕ್ಕೇ ಕೊಟ್ಟಾಯ್ತಲ್ಲ."

ನಮ್ಮ ಕಸುಬಿನಲ್ಲಿ ಬಟ್ಟೆ ಕಳೆದುಹೋಯಿತು ಎಂಬುದಿಲ್ಲ, ತಪ್ಪು ವಾರ್ಡಿಗೆ ಹೋಗಿರುತ್ತದೆ. ಮಕ್ಕಳ ವಾರ್ಡಿನ ಹೊದಿಕೆಗಳನ್ನು ಮೂಳೆ ವಾರ್ಡಿನಿಂದ ಎಷ್ಟು ಸಲ ಹೊರಗೆಳೆದಿದ್ದೇನೋ. ನನ್ನ ಡಬ್ಬವನ್ನು ಅಂಗಡಿಯವರು ಯಾರ ಮನೆಗೋ ಕಳಿಸಿದ್ದಾರೆ ಎಂದು ಆ ಕ್ಷಣವೇ ತೀರ್ಮಾನಿಸಿದೆ. ಅರ್ಧ ದಿನ ರಜೆ ಹಾಕಿ ಸೆರಗು ಸಿಕ್ಕಿಸಿಕೊಂಡು ಹೊರಟೆ.

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರ ಮುಂದೆಯೇ ಶುರು ಹಚ್ಚಿಕೊಂಡೆ. "ದಿನಕ್ಕೆ ಎಂಟುನೂರು ಹಾಸು ಹನ್ನೆರಡು ವಾರ್ಡಿಗೆ ಕಳಿಸ್ತೀನಿ ನಾನು. ಒಂದೇ ಒಂದು ಡಬ್ಬ ಸರಿಯಾದ ಮನೆಗೆ ಕಳಿಸೋಕೆ ನಿಮಗೆ ಬರಲ್ವಾ? ತೆಗೀರಿ ಪುಸ್ತಕ. ಯಾರು ಸಹಿ ಹಾಕಿದಾರೆ ನೋಡ್ತೀನಿ. ಅವರ ಮನೆಗೇ ಹೋಗಿ ಇಸ್ಕೊಂಡು ಬರ್ತೀನಿ."

ಅಂಗಡಿಯವರು ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿದರು. ನನ್ನ ಹೆಸರು, ನನ್ನ ಫೋನ್ ನಂಬರು. ಕೆಳಗೆ ಸಹಿ. ಕೊನೆಯ ಅಕ್ಷರದಿಂದ ಬಾಲದ ಹಾಗೆ ಗೆರೆ ಎಳೆದು ಸುತ್ತುವ ಸಹಿ ನನಗೆ ಗೊತ್ತಿರುವವರಲ್ಲಿ ಒಬ್ಬರದೇ.

ಬರೆಯಲು ನಾಚಿಕೆಯಾಗುತ್ತದೆ, ಮೊದಲು ನನಗೆ ಖುಷಿಯಾಯಿತು. ಇವರು ನನಗೆ ತಿಳಿಯದ ಹಾಗೆ ತಂದು ಎಲ್ಲೋ ಬಚ್ಚಿಟ್ಟಿದ್ದಾರೆ ಎಂದುಕೊಂಡೆ. ಆಮೇಲೆ ಪಕ್ಕದಲ್ಲಿದ್ದ ವಿಳಾಸ ಓದಿದೆ. ತಂಗಿಯ ಮನೆಯದು.

"ಅವರೇ ಕಾರಲ್ಲಿ ಹಾಕ್ಕೊಂಡು ಹೋದ್ರಮ್ಮ," ಎಂದರು ಅಂಗಡಿಯವರು, ತಪ್ಪು ತಮ್ಮದೇ ಎನ್ನುವ ದನಿಯಲ್ಲಿ. "ನಿಮ್ಮ ತಂಗೀನೂ ಜೊತೆಗೆ ಬಂದಿದ್ರು. ಅಕ್ಕ ಬುಕ್ ಮಾಡಿರೋದೇ ಇದು ಅಂದ್ರು. ಮಗು ಅವರದೇ ಅಲ್ವಾ ಅಮ್ಮಾ?"

"ಹೌದು," ಎಂದೆ. "ಅವರದೇ." ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. ಒಳಮುಚ್ಚಳವನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು. ತಂದಿದ್ದೇನೆ.

ಏಪ್ರಿಲ್ ೩, ಗುರುವಾರ

ಕೆಲಸಕ್ಕೆ ಹೋದೆ. ಹಾಸು ೮೧೨. ಹರಿದದ್ದು ೯.

ಏಪ್ರಿಲ್ ೪, ಶುಕ್ರವಾರ

ಎರಡು ದಿನ ಕಾದೆ, ಅವರೇ ಹೇಳಲಿ ಎಂದು. ಹೇಳಲಿಲ್ಲ. ಸಂಜೆ ಶಾಲೆಯಿಂದ ಬಂದು ಕೈಕಾಲು ತೊಳೆದು ಕೂತಾಗ ಕಾಫಿ ಲೋಟದ ಪಕ್ಕದಲ್ಲಿ ಒಳಮುಚ್ಚಳ ಇಟ್ಟೆ.

ಅವರು ಲೋಟ ಮುಟ್ಟಲಿಲ್ಲ. "ಹೇಗೆ ಹೇಳಬೇಕು ಅಂತ ಗೊತ್ತಾಗ್ಲಿಲ್ಲ," ಎಂದರು.

"ಯಾವಾಗಿಂದ?"

"ಮಾರ್ಚ್ ಮೊದಲನೇ ವಾರದಿಂದ. ಶಾಲೆ ಹತ್ರ ಬಂದು ಅತ್ತಳು. ಕೊಡೋಕೆ ಆಗಲ್ಲ ಭಾವ, ಅಕ್ಕನಿಗೆ ನಾನೇ ಹೇಳ್ತೀನಿ, ನೀವು ಹೇಳಬೇಡಿ ಅಂದಳು. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ನಾನೂ..."

"ಅಮ್ಮನಿಗೆ?"

ಒಳಮುಚ್ಚಳದ ಅಂಚನ್ನು ಬೆರಳಲ್ಲಿ ಸವರತೊಡಗಿದರು. ಅಂದರೆ ಗೊತ್ತಿತ್ತು. ತಂಗಿಯ ಗಂಡನಿಗೆ ಗೊತ್ತಿತ್ತು. ಅಂದರೆ ನಾನು ಈರುಳ್ಳಿ ಹೆಚ್ಚುತ್ತಿದ್ದಾಗ ಮನೆಮಂದಿಗೆಲ್ಲ ಗೊತ್ತಿತ್ತು.

"ಡಬ್ಬ ಯಾಕೆ ಕೊಡಿಸಿದ್ರಿ?"

"ಅವಳಿಗೆ ಅದೇ ಬೇಕಿತ್ತು. ಅಕ್ಕ ನೋಡಿ ಆರಿಸಿರೋದು, ಅದಕ್ಕಿಂತ ಒಳ್ಳೇದು ಸಿಗಲ್ಲ ಅಂದಳು. ಅವಳ ಗಂಡನ ಹತ್ರ ಗಾಡಿ ಇಲ್ಲ. ನಿನ್ನ ಮನಸ್ಸು ನೋಯಬಾರದು ಅಂತಾನೇ ಕಣೇ ನಾನು..."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ತರಚಿದ ಗೆಣ್ಣಿಗೆ ಮುಲಾಮು ಹಚ್ಚಿದ್ದೆ. ನನ್ನ ಡಬ್ಬ ಹೊತ್ತು ತರಚಿಕೊಂಡ ಕೈಗೆ ನಾನೇ ಊದಿ ಊದಿ ಮುಲಾಮು ಹಚ್ಚಿದ್ದೆ, ಅವರು ಹಚ್ಚಿಸಿಕೊಂಡಿದ್ದರು.

ಏಪ್ರಿಲ್ ೬, ಭಾನುವಾರ

ತಂಗಿ ಬಂದಳು. ಎಂಟು ತಿಂಗಳು ದಾಟಿದ ಹೊಟ್ಟೆ ಹೊತ್ತು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಳು. ಒಳಗೆ ಬಾ ಅನ್ನಲಿಲ್ಲ. ಆದರೆ ಎಷ್ಟು ಹೊತ್ತು ಹಾಗೆ ನಿಲ್ಲಿಸುವುದು, ಕುರ್ಚಿ ಎಳೆದು ಹಾಕಿದೆ.

"ಎರಡು ಹೆತ್ತೋಳು ನಾನು. ಮೂರನೇದು ಕೊಟ್ಟುಬಿಡೋದು ಸುಲಭ ಅಂದ್ಕೊಂಡಿದ್ದೆ ಅಕ್ಕಾ. ಒದೆಯೋಕೆ ಶುರು ಮಾಡಿದ ಮೇಲೆ ಆಗ್ಲಿಲ್ಲ."

"ಸರಿ. ಆಗ್ಲಿಲ್ಲ ಅಂತ ಅವತ್ತೇ ಹೇಳಬಹುದಿತ್ತಲ್ಲ."

"ನಿನ್ನ ಮುಖ ನೋಡಿದ್ರೆ ಬಾಯಿ ಬರ್ತಿರಲಿಲ್ಲ."

"ಮಂಚದ ಪಕ್ಕ ಹಿಡಿಸುತ್ತಾ ಅಂತ ಕೇಳೋಕೆ ಬಾಯಿ ಬಂತು. ಇರು, ಬರ್ಕೋತೀನಿ ಅನ್ನೋಕೆ ಬಂತು."

ಅವಳು ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಈಗಲೂ ಇದೆ. ಹೊಟ್ಟೆಯಲ್ಲಿದ್ದುದನ್ನು ಕೊಡಲಾಗಲಿಲ್ಲ ಎಂದರೆ ಯಾವ ಹೆಂಗಸಿಗೂ ಅರ್ಥವಾಗುತ್ತದೆ. ಒಂದು ತಿಂಗಳು ನನ್ನ ಕಿವಿಯ ಮೇಲೆ ಹೂವಿಟ್ಟು, ನನ್ನ ಕೈಯಲ್ಲೇ ತನ್ನ ಮನೆಗೆ ಡಬ್ಬ ಆರಿಸಿಕೊಂಡಳಲ್ಲ, ಅದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ.

ಹೊರಡುವಾಗ ಒಳಮುಚ್ಚಳ ಕೊಟ್ಟೆ. "ತಗೊಂಡು ಹೋಗು. ಇದಿಲ್ಲದಿದ್ರೆ ವಾಸನೆ ನಿಲ್ಲಲ್ಲ." ಎದೆಗವಚಿಕೊಂಡು ಮೆಟ್ಟಿಲಿಳಿದಳು. ಕೆಳಗಿನವರೆಗೂ ಹೋಗಿ ಕೈ ಹಿಡಿದು ಇಳಿಸಬೇಕಿತ್ತು, ಹೋಗಲಿಲ್ಲ. ಬೀಳದೆ ಇಳಿದಳೋ ಇಲ್ಲವೋ ಎಂದು ಕಿಟಕಿಯಿಂದ ನೋಡಿದೆ.

ಏಪ್ರಿಲ್ ೧೨, ಶನಿವಾರ

ದೊಡ್ಡ ರೂಮಿನಲ್ಲಿ ಸೆಖೆ ಹೆಚ್ಚು. ಈ ವಾರ ಚಿಕ್ಕ ರೂಮಿನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೇನೆ. ಗಾಳಿ ಚೆನ್ನಾಗಿ ಬರುತ್ತದೆ.

ತೊಟ್ಟಿಲನ್ನು ಅಮ್ಮನ ಮನೆಗೆ ವಾಪಸು ಕಳಿಸಿದೆ. ಅಲ್ಲಿಂದ ತಂಗಿಯ ಮನೆಗೆ ಹೋಗುತ್ತದೆ, ನನಗೇನು. ಅಮ್ಮ ಫೋನಿನಲ್ಲಿ, "ನಿನ್ನ ಒಳ್ಳೇದಕ್ಕೇ ಸುಮ್ಮನಿದ್ವಿ ಕಣೇ," ಎಂದರು. ನನ್ನ ಒಳ್ಳೆಯದನ್ನು ಇಷ್ಟು ಜನ ಸೇರಿ ಕಾದಿದ್ದಾರೆ, ನಾನೇ ಕೃತಘ್ನಳು.

ಏಪ್ರಿಲ್ ೧೮, ಶುಕ್ರವಾರ

ಮಗುವಿನ ಬಟ್ಟೆಗೆಂದು ತಂದಿದ್ದ ಕಪಾಟು ಖಾಲಿ ಬಿದ್ದಿತ್ತು. ಬೆಳಿಗ್ಗೆ ಬೇಗ ಹೊರಡುವಾಗ ಅವರ ನಿದ್ದೆ ಕೆಡಿಸುವುದು ಬೇಡವೆಂದು ನನ್ನ ಸೀರೆ, ಕೆಲಸದ ಕೋಟು ಎಲ್ಲ ಅದರಲ್ಲಿ ಜೋಡಿಸಿಕೊಂಡೆ. ಕೆಳಗಿನ ಗೂಡು ತೀರಾ ಚಿಕ್ಕದು, ಒಳಲಂಗ ಮಾತ್ರ ಹಿಡಿಯುತ್ತದೆ. ಮೇಷ್ಟ್ರು ಕುಂಚ ಹಿಡಿದು ಬಂದು ಜಿರಾಫೆ ಮುಗಿಸಲಾ ಎಂದು ಕೇಳಿದರು. ನನ್ನ ರೂಮಿನಲ್ಲಿ ಬಣ್ಣದ ವಾಸನೆ ಬೇಡ ಎಂದೆ.

ಏಪ್ರಿಲ್ ೨೫, ಶುಕ್ರವಾರ

ಹೆರಿಗೆ ವಾರ್ಡಿಗೆ ಮಗು ಸುತ್ತುವ ಬಟ್ಟೆ ಬೇಕಾದಾಗ ಚೀಟಿ ಕಳಿಸುತ್ತಾರೆ, ಒಂದೊಂದು ಬಟ್ಟೆಯ ಎದುರಿಗೂ ತಾಯಿಯ ಹೆಸರು ಬರೆದಿರುತ್ತದೆ. ಇವತ್ತು ಬೆಳಿಗ್ಗೆ ಏಳು ಗಂಟೆಗೆ ಬಂದ ಚೀಟಿಯಲ್ಲಿ ಆರು ಹೆಸರಿದ್ದವು. ನಾಲ್ಕನೆಯದು ತಂಗಿಯದು.

ಬೇರೆ ಆಸ್ಪತ್ರೆಗೆ ಹೋಗಿರುತ್ತಾಳೆ ಎಂದುಕೊಂಡಿದ್ದೆ. ಯಾರೂ ಫೋನು ಮಾಡಿರಲಿಲ್ಲ. ನನ್ನ ತಂಗಿ ಹೆತ್ತಳೆಂದು ನನಗೆ ತಿಳಿದದ್ದು ಬಟ್ಟೆಯ ಚೀಟಿಯಿಂದ.

ಇಸ್ತ್ರಿಯಮ್ಮ ನನ್ನ ಹೆಗಲ ಮೇಲಿಂದ ಚೀಟಿ ಓದಿದಳು. "ಕೊಡಿ, ನಾನು ತಗೊಂಡು ಹೋಗ್ತೀನಿ."

"ಬೇಡ. ನನ್ನ ಕೆಲಸ."

ಹೊಸ ಬಟ್ಟೆ ಮಗುವಿನ ಚರ್ಮಕ್ಕೆ ಒರಟು. ಇನ್ನೂರು ಸಲ ಒಗೆದದ್ದು ಹತ್ತಿಯಂತಿರುತ್ತದೆ. ಅಂಥವು ಉಗ್ರಾಣದ ಕೆಳಗಿನ ಗೂಡಿನಲ್ಲಿರುತ್ತವೆ. ಆರನ್ನೂ ಅಲ್ಲಿಂದಲೇ ತೆಗೆದೆ, ಒಂದನ್ನು ಮಾತ್ರ ಆರಿಸಿದೆ ಎಂದು ಯಾರೂ ಹೇಳಬಾರದು. ಗಾಡಿಗೆ ಹಾಕಿ ತಳ್ಳಿಕೊಂಡು ಹೊರಟೆ.

ತಂಗಿಯ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಎಚ್ಚರವಾಗಿದ್ದಳು, ಜೊತೆಯಲ್ಲಿ ಯಾರೂ ಇರಲಿಲ್ಲ. ನನ್ನನ್ನು ನೋಡಿ ಏಳಲು ಹೋಗಿ ನೋವಿಗೆ ಹಾಗೆಯೇ ಒರಗಿದಳು.

"ಹೆಣ್ಣು ಅಕ್ಕಾ," ಎಂದಳು.

ಕೆಂಪಗಿತ್ತು. ಮುಷ್ಟಿಯನ್ನು ಕಿವಿಯ ಹತ್ತಿರ ಇಟ್ಟುಕೊಂಡು ಹುಬ್ಬು ಗಂಟಿಕ್ಕಿ ಮಲಗಿತ್ತು. ಹುಬ್ಬು ಗಂಟಿಕ್ಕುವುದು ನಮ್ಮ ಮನೆಯದು, ಅಪ್ಪ ಹಾಗೆಯೇ ಮಲಗುತ್ತಿದ್ದರು. ತಂಗಿ ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದಳು. "ತಗೋ. ಸ್ವಲ್ಪ ಹೊತ್ತು ಎತ್ಕೋ."

"ಬೇಡ," ಎಂದೆ. "ಕೊಳೆ ಬಟ್ಟೆ ಮುಟ್ಟಿದ ಕೈ. ತೊಳೆದಿಲ್ಲ."

ಅವಳು ಬೆಚ್ಚಿ ಮಗುವನ್ನು ಹಿಂದಕ್ಕೆಳೆದುಕೊಂಡಳು. ಯಾವ ತಾಯಿಯೂ ಹಾಗೆಯೇ ಮಾಡುತ್ತಾಳೆ. ಬಟ್ಟೆಯನ್ನು ಮಂಚದ ಕಾಲ್ಗಡೆ ಇಟ್ಟು ಪಕ್ಕದ ಮಂಚಕ್ಕೆ ಹೋದೆ.

ಸಂಜೆ ಮೇಷ್ಟ್ರು ನನ್ನ ರೂಮಿನ ಬಾಗಿಲು ತಟ್ಟಿದರು. ಅವರಿಗೆ ನಿನ್ನೆಯೇ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. ಹೊರಗೇ ನಿಂತು, "ನೋಡಿದ್ಯಾ?" ಎಂದರು.

"ಬಟ್ಟೆ ಕೊಟ್ಟು ಬಂದೆ."

"ಎತ್ಕೊಂಡ್ಯಾ?"

"ಇಲ್ಲ. ಕೈ ತೊಳೆದಿರಲಿಲ್ಲ."

ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು. ಅವರಿಗೂ ಅದನ್ನೇ ಹೇಳಿದೆ, ನಾಳೆ ಅಮ್ಮ ಕೇಳಿದರೂ ಅದನ್ನೇ ಹೇಳುತ್ತೇನೆ. ಹೆರಿಗೆ ವಾರ್ಡಿನ ಬಾಗಿಲ ಪಕ್ಕದಲ್ಲಿ ಒಂದು ನಲ್ಲಿ ಇದೆ. ಒಳಗೆ ಹೋಗುವ ಮುಂಚೆ ಗಾಡಿ ನಿಲ್ಲಿಸಿ, ಬಳೆ ಮೇಲೆ ಸರಿಸಿ, ಮೊಣಕೈವರೆಗೆ ಸೋಪು ಹಾಕಿ ಎರಡು ಸಲ ತೊಳೆದುಕೊಂಡಿದ್ದೆ.